ಬೆನ್ನ ಹಿಂದೆ ಚೆಲ್ಲಿದ ನೀರು

ಹೊರಟವರ ಬೆನ್ನ ಹಿಂದೆ ಒಂದು ಲೋಟ ನೀರು ಚೆಲ್ಲಿದರೆ ಅವರು ಸುಖವಾಗಿ ತಿರುಗಿ ಬರುತ್ತಾರೆ. ಗಂಡ, ಮಕ್ಕಳು, ನೆಂಟರು, ಯಾರು ಪ್ರಯಾಣ ಹೊರಟರೂ ತೂರಾನ್ ಖಾನುಂ, ಅಂದರೆ ತೂರಾನಮ್ಮ, ಹೊಸ್ತಿಲಲ್ಲಿ ನಿಂತು ಚೆಲ್ಲಿದವಳೇ. ಕೈಗಂಟಿದ ಅಭ್ಯಾಸಕ್ಕೆ ಇದು ಮನೆ, ಇದು ಜೈಲು ಎಂಬ ಭೇದ ಎಲ್ಲಿಂದ ಬರಬೇಕು?

ಆ ಚಳಿಗಾಲ ಟೆಹರಾನ್ ಜೈಲಿನ ಹೆಂಗಸರ ಬ್ಯಾರಕ್ಕಿನಲ್ಲಿ ಗುಲ್ನೂಷ್‌ಗೆ ಬಿಡುಗಡೆ ಎಂದು ಕಾವಲಿನವಳು ಕೂಗಿದಾಗ, ಜತೆಯ ಕೈದಿ, ಮುದುಕಿ ತೂರಾನ್, ಸಂಭ್ರಮದಿಂದ ಅವಳ ಹಿಂದೆ ಲೋಟ ಬರಿದು ಮಾಡಿಬಿಟ್ಟಳು. ವಿಮಾನದ ಮೆಟ್ಟಿಲವರೆಗೂ ಹೋಗಿದ್ದ ಹುಡುಗಿಯನ್ನು ಕತ್ತಲಾಗುವ ಮೊದಲೇ ಅದೇ ಬಾಗಿಲಿಗೆ ತಂದು ತಳ್ಳಿದರು. ಸ್ವೀಡನ್ ಜತೆಗಿನ ಮಾತುಕತೆ ಮುರಿದು ಬಿದ್ದಿತ್ತಂತೆ.

ಗುಲ್ನೂಷ್ ಮಾಡಿದ ತಪ್ಪೆಂದರೆ, ಇರಾನ್, ಸ್ವೀಡನ್ ಎರಡೂ ದೇಶಗಳ ಪಾಸ್‌ಪೋರ್ಟ್ ಇಟ್ಟುಕೊಂಡು, ಪುಟ್ಟ ಮಗಳನ್ನು ಸ್ವೀಡನ್ನಿನಲ್ಲಿ ಬಿಟ್ಟು, ಕಾಯಿಲೆ ಬಿದ್ದ ತಂದೆಯನ್ನು ನೋಡಲು ಬಂದದ್ದು. ಗೂಢಚಾರಿಣಿ ಎಂದರು. ದೊಡ್ಡವರ ಚೌಕಾಸಿಗೆ ಒಂದು ಸರಕು ಬೇಕಾಗಿತ್ತು, ಸಿಕ್ಕಳು, ಅಷ್ಟೆ.

“ದೇಶದೇಶದವ್ರು ಕೂತು ಮಾಡಿದ್ದನ್ನ ನಿಮ್ಮ ಒಂದು ಲೋಟ ಕೆಡಿಸ್ತಲ್ಲಾ, ಖಾನುಂ!” ಎಂದು ಪಕ್ಕದ ಮಂಚದ ಬೆಹ್ಜತ್ ಕಾಲೆಳೆದಳು. ಬ್ಯಾರಕ್ಕೆಲ್ಲ ನಕ್ಕಿತು. ತೂರಾನ್‌ಗೆ ಮಾತ್ರ ಊಟ ಸೇರಲಿಲ್ಲ. ಗೋಡೆಗೆ ಮುಖಮಾಡಿ ಮಲಗಿದವಳ ಪಕ್ಕ ಗುಲ್ನೂಷ್ ಬಂದು ಕೂತಳು.

“ನನ್ನ ಹಿಂದೆ ನೀರು ಚೆಲ್ಲೋ ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು. ಇವತ್ತು ನೀವು ಚೆಲ್ಲಿದ್ರಿ. ನಂಗೆ ಅದೇ ಸಾಕು.”

ಬಯ್ಯಬೇಕಾದವಳು ಹೀಗೆಂದರೆ ಆ ಋಣ ತೀರಿಸುವುದು ಹೇಗೆ? ಮುದುಕಿ ಅವಳ ಕೈ ಹಿಡಿದುಕೊಂಡೇ ನಿದ್ದೆ ಹೋದಳು.

ವಸಂತದಲ್ಲಿ ಗುಲ್ನೂಷ್‌ಳ ಬಿಡುಗಡೆಯ ಕೂಗು ಮತ್ತೆ ಬಂತು. ಬೆಹ್ಜತ್ ಮೊದಲು ಮಾಡಿದ ಕೆಲಸವೆಂದರೆ ಲೋಟಗಳನ್ನೆಲ್ಲ ಕಂಬಳಿಯಡಿ ಬಚ್ಚಿಟ್ಟದ್ದು. ತೂರಾನ್ ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತಳು. ಕಣ್ಣು ತುಂಬಿ ಬರುತ್ತಿತ್ತು, ಆದರೆ ಅದೂ ನೀರೇ ಅಲ್ಲವೇ? ಒಂದು ಹನಿಯೂ ನೆಲಕ್ಕೆ ಬೀಳದಂತೆ ತಲೆಯೆತ್ತಿ ಚಾವಣಿ ನೋಡುತ್ತ, “ಹೋಗೇ ಮಗಳೇ, ಹಿಂದೆ ತಿರುಗ್ಬೇಡ!” ಎಂದು ಗದರಿದಳು. ಗುಲ್ನೂಷ್ ಅವಳ ಕೆನ್ನೆಗೆ ಮುತ್ತಿಟ್ಟು ಹೋದಳು.

ಆಮೇಲೆ ಬಾಗಿಲು ಸದ್ದಾದಾಗಲೆಲ್ಲ ತೂರಾನ್ ಅತ್ತ ತಿರುಗಿ, ಬಂದವಳು ಗುಲ್ನೂಷ್ ಅಲ್ಲವೆಂದು ಖಚಿತ ಮಾಡಿಕೊಳ್ಳುತ್ತಿದ್ದಳು. ಮರುದಿನ ಮನೆಗೆ ಫೋನ್ ಮಾಡುವ ಸರದಿ ಬೆಹ್ಜತ್‌ಳದು. ಅವಳು ಓಡಿಕೊಂಡೇ ಬಂದಳು.

“ಸ್ವೀಡನ್ನಲ್ಲಿ ಇಳಿದ್ಳಂತೆ! ಮಗಳನ್ನ ಎತ್ಕೊಂಡಿರೋ ಫೋಟೋ ಎಲ್ಲಾ ಕಡೆ ಬಂದಿದ್ಯಂತೆ!”

ತೂರಾನ್ ನೆಲದ ಮೇಲೆ ಕುಸಿದು, ತಡೆದಿಟ್ಟದ್ದನ್ನೆಲ್ಲ ಅತ್ತಳು. ದೇವರೇ, ನಿನ್ನ ಉಪಕಾರ ದೊಡ್ಡದು ಎಂದಳು. ತನ್ನ ಬಿಡುಗಡೆಯ ಸುದ್ದಿಯೇ ಇಲ್ಲದವಳಿಗೆ ಅಷ್ಟು ಹಗುರ ಹೇಗಾಯಿತೋ. ಕಣ್ಣೊರೆಸಿಕೊಂಡು ಎದ್ದು, ಲೋಟ ಹುಡುಕಿ, ನಲ್ಲಿಯಲ್ಲಿ ತುಂಬಿಕೊಂಡು ಅಂಗಳಕ್ಕೆ ನಡೆದಳು.

“ಅಯ್ಯೋ, ಹಿಡ್ಕೊಳ್ರೇ ಇವ್ರನ್ನ! ಆ ಹುಡುಗೀನ ಮತ್ತೆ ಇಲ್ಲಿಗೇ ಕರೆಸ್ತಾರೆ!” ಬೆಹ್ಜತ್ ಓಡಿಹೋಗಿ ಅವಳ ಮಣಿಕಟ್ಟು ಹಿಡಿದಳು.

“ಬಿಡೇ ಕೈ. ಈಗ ಅವಳು ಮನೆ ಸೇರಿದ್ದಾಳೆ. ಈ ನೀರು ಅವಳನ್ನ ಜೈಲಿನ ಬಾಗಿಲಿಗೆ ಕರೆಸೋಕಲ್ಲ, ನನ್ನ ಮನೆ ಬಾಗಿಲಿಗೆ. ಅವಸರ ಏನಿಲ್ಲ, ನಾನು ಹೊರಗೆ ಹೋದ್ಮೇಲೆ ಬರ್ಲಿ.”

ಬೆಹ್ಜತ್ ಕೈಬಿಟ್ಟಳು. “ಹಾಗಾದ್ರೆ ಪೂರ್ತಿ ಚೆಲ್ಲಿ, ಖಾನುಂ. ತಳದಲ್ಲಿ ಉಳಿಸ್ಬೇಡಿ,” ಎಂದಳು.