ಏಳನೆಯ ಇಗರ್ಜಿ

ಬಿಳಿ ತುದಿ, ಎರಡು ಬೆರಳಿನಷ್ಟು, ಮಗಳ ಅಂಗಿಯ ಕತ್ತಿನಿಂದ ಹೊರಬಂದು ವ್ಯಾನಿನ ಕಿಟಕಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದೆ, ಒಳಗೆ ತುರುಕಬೇಕು, ಬೆವರು ಬೆನ್ನಲ್ಲೇ ಆರಿದರೆ ಕೆಮ್ಮು ತಪ್ಪಿದ್ದಲ್ಲ, ಎಂದುಕೊಂಡು ದೊರಾಯ್ ಹಿಂದಿನ ಸೀಟಿನಿಂದ ಕೈ ಚಾಚಿದಳು, ಚಾಚಿದ ಕೈ ಅಲ್ಲೇ ನಿಂತಿತು, ಬೆವರು ಹೀರಲೆಂದು ಆ ಬಟ್ಟೆಯನ್ನು ಬೆಳಿಗ್ಗೆ ಮಡಿಸಿ ಮಗಳ ಬೆನ್ನಿಗಿಟ್ಟವಳು ತಾನು, ಬರುವ ಬುಧವಾರ ಯಾರು ಇಡುತ್ತಾರೆ — ಮಂಗಳವಾರ ವಿಮಾನ, ಹಾಂಗ್‌ಕಾಂಗ್, ಮತ್ತೆ ಅದೇ ಮುದುಕಿಯ ಆರೈಕೆ, ಅದೇ ಹತ್ತೊಂಬತ್ತನೆಯ ಮಹಡಿ, ಗಂಡ ಪಿದ್ಯೊಗೆ ಇದೆಲ್ಲ ಗೊತ್ತು, ವ್ಯಾನ್ ಓಡಿಸುತ್ತಲೇ ಕನ್ನಡಿಯಲ್ಲಿ ಅವಳನ್ನು ನೋಡುತ್ತಾನೆ, ನಾಳೆ ನೀನೇ ಹೇಳ್ತೀಯೋ ಇಲ್ಲಾ ನಾನೇ ಹೇಳ್ಲೋ ಅಂತ ನಿನ್ನೆ ಪಿಸುಗುಟ್ಟಿದ್ದ, ಗೊತ್ತಿಲ್ಲದಿರುವುದು ಪಿಲಾರ್ ಒಬ್ಬಳಿಗೇ, ಒಂಬತ್ತು ವರ್ಷದ ಪಿಲಾರ್ ಅಪ್ಪನ ಪಕ್ಕ ಕೂತು ಬೇಯಿಸಿದ ಮೊಟ್ಟೆ ಸುಲಿಯುತ್ತ, ಇನ್ನೊಂದೇ ಬಾಕಿ ಅಲ್ವಾ ಅಪ್ಪ, ಎನ್ನುತ್ತಾಳೆ. ಹೌದು, ಒಂದೇ ಬಾಕಿ. ಪವಿತ್ರ ಗುರುವಾರ ಏಳು ಇಗರ್ಜಿ ನೋಡಬೇಕು, ತಾರ್ಲಾಕಿನ ಮನೆ ಬಿಟ್ಟು ಸಮುದ್ರದ ಅಂಚು ಹಿಡಿದು ಬಡಗಣಕ್ಕೆ ಬಂದು ಇದು ಮೂರನೆಯ ದಿನ, ಬೆಳಗಿನಿಂದ ಆರು ಮುಗಿದವು, ಏಳನೆಯದು ಪಾವಾಯ್.

ಆರು ಇಗರ್ಜಿ ಎಂದರೆ ಹದಿನೆಂಟು ಬೇಡಿಕೆ. ಎಂದೂ ಕಾಲಿಡದ ಇಗರ್ಜಿಗೆ ಮೊದಲ ಸಲ ಹೋದವರ ಮೂರು ಬೇಡಿಕೆ ದೇವರು ಕೇಳುತ್ತಾನೆ, ಎರಡನೆಯ ಸಲಕ್ಕೆ ಆ ಬಾಗಿಲು ಬರೀ ಬಾಗಿಲು, ಇದನ್ನು ಅವಳಿಗೆ ಅಮ್ಮ ಹೇಳಿದ್ದಳು, ಅಮ್ಮನಿಗೆ ಅವಳಮ್ಮ, ಈಗ ಪಿಲಾರ್‌ಗೂ ಅದೇ ಅಮ್ಮ ಹೇಳಿದ್ದಾಳೆ, ಪಿಲಾರ್ ಬಾಯಲ್ಲಿ ಅವಳು ಲೋಲ, ಅಜ್ಜಿ. ಹುಡುಗಿ ಪ್ರತಿ ಇಗರ್ಜಿಯಲ್ಲೂ ಕಣ್ಣು ಮುಚ್ಚಿ ಮೂರು ಬೆರಳು ಮಡಿಸಿದಳು, ಬೇಡಿದ್ದನ್ನು ಬಾಯಿಬಿಟ್ಟು ಹೇಳಬಾರದು, ಆದರೆ ಉದುರಿದ ಹಲ್ಲಿನ ಸಂದಿಯಿಂದ ಪಿಸುಮಾತು ಸೋರುತ್ತದೆ, ಚಕ್ರದ ಬೂಟು, ಮೊಲ, ಉದ್ದ ಕೂದಲು, ಮೇಷ್ಟ್ರಿಗೆ ವರ್ಗ — ಪಕ್ಕದಲ್ಲಿ ಮಂಡಿಯೂರಿದ ದೊರಾಯ್ ಕೇಳಿಸಿಕೊಂಡಳು, ಬಾಯಿ ಬಿಡಲಿಲ್ಲ, ಹದಿನೆಂಟೂ ಪೋಲಾಗುವವರೆಗೆ ಬಾಯಿ ಬಿಡಲಿಲ್ಲ, ಇಂಥ ತಾಯಿಯೂ ಇರುತ್ತಾಳೆಯೇ. ಎಂಟು ತಿಂಗಳ ಹಿಂದೆ ಬಂದಿಳಿದಾಗ ಇನ್ನು ಹೋಗಲ್ಲ ಕಣೇ ಎಂದು ಆಣೆ ಇಟ್ಟವಳು ಅವಳೇ, ಆಮೇಲೆ ಪಿದ್ಯೊ ದುಡಿಯುತ್ತಿದ್ದ ಕಾರ್ಖಾನೆಗೆ ಬೀಗ ಬಿತ್ತು.

ಪಿದ್ಯೊ, ನೀನು ಓಡಿಸೋದು ನೋಡಿದ್ರೆ ನಾವು ಈಸ್ಟರ್‌ಗೆ ಮುಟ್ತೀವಿ, ಎಂದಳು ಅಮ್ಮ ದೊರಾಯ್ ಪಕ್ಕದ ಸೀಟಿನಿಂದ, ಮಡಿಲಲ್ಲಿ ಜಪಸರ, ಕಾಲಡಿಯಲ್ಲಿ ಅನ್ನದ ಡಬ್ಬಿ. ಅತ್ತೆ, ಎಮ್ಮೆ ಅಡ್ಡ ಬಂದ್ರೆ ಅದನ್ನೂ ಇಗರ್ಜಿಗೆ ಕರ್ಕೊಂಡು ಹೋಗ್ಲಾ, ಎಂದ ಪಿದ್ಯೊ. ಕರ್ಕೊಂಡು ಬಾ, ಅದೂ ನಿನಗಿಂತ ಮುಂಚೆ ಮುಟ್ಟುತ್ತೆ. ಪಿಲಾರ್ ನಕ್ಕಳು, ದೊರಾಯ್‌ಗೂ ನಗು ಬಂತು, ಅಪ್ಪನಿಗೂ ಅಮ್ಮ ಹೀಗೇ ಚುಚ್ಚುತ್ತಿದ್ದಳು, ಇದೇ ರಸ್ತೆ, ಇದೇ ಎಡಗಡೆ ಸಮುದ್ರ, ಉಪ್ಪು ಕಾಯಿಸುವ ಗುಡಿಸಲುಗಳ ಹೊಗೆ, ಬೆಳ್ಳುಳ್ಳಿ ಗೊಂಚಲು ತೂಗುಹಾಕಿದ ಅಂಗಡಿ, ಎರವಲು ತಂದ ಜೀಪ್‌ನಿ ಎಂಬ ಉದ್ದನೆಯ ಜೀಪು, ಅದರ ಸೀಟಿನ ರೆಕ್ಸಿನ್ ಬಿಸಿಲಿಗೆ ಕಾದು ತೊಡೆ ಸುಡುತ್ತಿತ್ತು, ಅಪ್ಪ ಹಾಡುತ್ತಿದ್ದ, ಸ್ವರ ಒಂದು ಕಡೆ, ಹಾಡು ಒಂದು ಕಡೆ, ಆಗ ಅವಳಿಗೂ ಒಂಬತ್ತು. ಅಷ್ಟು ಸಂತೋಷದ ದಿನ ಆಮೇಲೆ ಬರಲಿಲ್ಲ, ಎಷ್ಟು ಸಂತೋಷವೆಂದರೆ ಯಾಕಿಷ್ಟು ಎಂದು ಕೇಳಲೇ ತೋಚಲಿಲ್ಲ, ಕೇಳಿದ್ದೆಲ್ಲ ಕೊಡಿಸಿದ, ಬೇಡಿಕೊಳ್ಳೇ ದೊರಾಯ್, ಚೆನ್ನಾಗಿ ಬೇಡಿಕೊ ಎಂದ, ಅವಳು ಬೇಡಿದಳು, ಕೆಂಪು ಬೂಟು, ನಾಯಿಮರಿ, ಲೆಕ್ಕದ ಪರೀಕ್ಷೆಯ ದಿನ ಬಿರುಗಾಳಿ, ಆರು ಇಗರ್ಜಿ, ಹದಿನೆಂಟು, ಒಂದರಲ್ಲೂ ಅಪ್ಪನ ಹೆಸರಿಲ್ಲ. ಮನೆಗೆ ಮರಳಿದ ಮೂರನೆಯ ದಿನ ಬಾಗಿಲ ಬಳಿ ಅಪ್ಪನ ಪೆಟ್ಟಿಗೆ ನಿಂತಿತ್ತು. ಸೌದಿ, ಲಾರಿ ಓಡಿಸೋಕೆ. ಮೊದಲೇ ಹೇಳಿದ್ದರೆ ಹದಿನೆಂಟನ್ನೂ ಅದಕ್ಕೇ ಸುರಿಯುತ್ತಿದ್ದಳು, ಬೇಡಿಕೆ ಹಾಳುಮಾಡಿ ಅಪ್ಪನನ್ನು ಕಳಕೊಂಡೆ ಎಂದು ಹಾಸಿಗೆಯಲ್ಲಿ ಬಾಯಿಗೆ ದಿಂಬು ಒತ್ತಿಕೊಂಡು ಅತ್ತಳು, ಬುದ್ಧಿ ಬಲಿತ ಮೇಲೂ ಆ ಮಾತು ಹೋಗಲಿಲ್ಲ.

ಇನ್ನು ಪಿಲಾರ್‌ಗೆ ಉಳಿದದ್ದು ಮೂರು. ಹೇಳದೆ ಒಳಗೆ ಬಿಟ್ಟರೆ ಆ ಮೂರೂ ಮೊಲಕ್ಕೆ ಹೋಗುತ್ತವೆ, ಮಂಗಳವಾರದಿಂದ ಈ ಹುಡುಗಿಯೂ ದಿಂಬು ಕಚ್ಚುತ್ತಾಳೆ, ಹೇಳಿ ಬಿಟ್ಟರೆ ಮೂರನ್ನೂ ಅಮ್ಮ ಹೋಗದಿರಲಿ ಎಂದು ಬೇಡುತ್ತಾಳೆ, ಅಮ್ಮ ಹೋಗುತ್ತಾಳೆ, ಆಗ ಹುಡುಗಿ ದೇವರನ್ನೇ ಬಿಡುತ್ತಾಳೋ ಅಮ್ಮನನ್ನೋ, ಯಾವುದು ವಾಸಿ, ಬಾದೋಕ್ ಊರು ದಾಟಿತು, ಪಾವಾಯ್‌ಗೆ ಇನ್ನು ಅರ್ಧ ಗಂಟೆಯೂ ಇಲ್ಲ, ಬಾದೋಕ್ ಅಂದಿನ ಆರನೆಯದು, ಇಲ್ಲೇ ಎಲ್ಲೋ ಅಪ್ಪ ಜೀಪ್‌ನಿ ನಿಲ್ಲಿಸಿದ್ದು, ಇಳಿದು ಎಂಜಿನ್ನಿನ ಮುಚ್ಚಳ ಎತ್ತಿ, ರೇಡಿಯೇಟರ್ ಕುದೀತಾ ಇದೆ, ಇದು ಇನ್ನೊಂದು ಮೈಲಿ ಹೋಗಲ್ಲ, ವಾಪಸ್ ಹೋಗೋಣ, ಪಾವಾಯ್ ನಾನು ಬಂದ್ಮೇಲೆ ನೋಡೋಣ ಎಂದದ್ದು, ಎಲ್ಲಿಂದ ಬಂದ್ಮೇಲೆ ಎಂದು ಅವಳು ಕೇಳಲಿಲ್ಲ. ಎರಡು ವರ್ಷಕ್ಕೊಮ್ಮೆ ಬಂದ, ಬಂದದ್ದೆಲ್ಲ ಮಳೆಗಾಲದಲ್ಲಿ, ನೆಂಟನ ಹಾಗೆ, ಮುಂದಿನ ಸಲ ಖಂಡಿತ ಎನ್ನುತ್ತಿದ್ದ, ಕೊನೆಗೆ ಖಾಯಂ ಬಂದಾಗ ಮೂತ್ರಪಿಂಡ ಕೆಟ್ಟು ಜೀಪಿನಲ್ಲಿ ಕೂರಲಾಗುತ್ತಿರಲಿಲ್ಲ, ಹಾಗೇ ತೀರಿಹೋದ. ಮೊದಲ ಸಲ ಹೊರಟ ಬೆಳಿಗ್ಗೆ ಬಸ್ಸಿನ ಹತ್ತಿರ ಅವನು ಅವಳನ್ನು ತಿರುಗಿಸಿ ನಿಲ್ಲಿಸಿದ, ಅಂಗಿ ಎತ್ತಿದ, ಬೆನ್ನಿಗೆ ಒಣ ಬಟ್ಟೆ ಹಾಸಿದ, ತುದಿಯನ್ನು ಕತ್ತಿನ ಹತ್ತಿರ ಎಳೆದು ಸರಿಮಾಡಿದ, ದೊಡ್ಡ ಕೈ, ಡೀಸೆಲ್ ವಾಸನೆ, ಅವಳು ಮುಖ ನೋಡಲಿಲ್ಲ, ತಿರುಗಿದಾಗ ಬಸ್ಸು ಹೊರಟಿತ್ತು.

ಪಾವಾಯ್, ಗೋಡೆಗೆ ಆನಿಸಿದ ಅಷ್ಟೆತ್ತರದ ಕಲ್ಲಿನ ಆಸರೆಗೋಡೆಗಳು, ಅಂಗಳದ ತುಂಬ ಜನ, ಛತ್ರಿ, ಮೇಣದಬತ್ತಿ, ಕಿತ್ತಳೆ ಬಣ್ಣದ ಎಂಪನಾಡ ಕಡುಬು ಕರಿಯುವ ಎಣ್ಣೆಯ ಘಮ, ಪಿಲಾರ್ ಓಡುತ್ತಿದ್ದಾಳೆ, ಹೊಸ್ತಿಲು ಹತ್ತು ಹೆಜ್ಜೆ, ಐದು, ನಿಲ್ಲು ಪಿಲಾರ್, ತನ್ನದೇ ದನಿ ಎಂದು ದೊರಾಯ್‌ಗೆ ಗೊತ್ತಾಗಲಿಲ್ಲ, ಒಳಗೆ ಹೋಗೋ ಮುಂಚೆ ಒಂದು ಮಾತು, ನಾನು ಮಂಗಳವಾರ ಹೊರಡ್ತಾ ಇದ್ದೀನಿ ಕಣೇ, ಹಾಂಗ್‌ಕಾಂಗಿಗೆ, ಎರಡು ವರ್ಷ. ಪಿದ್ಯೊ ನೆಲ ನೋಡಿದ. ಹುಡುಗಿ ಹೊಸ್ತಿಲ ಮೇಲೆತ್ತಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು, ಹೋಗಲ್ಲ ಅಂದಿದ್ದೆ ನೀನು, ಎಂದಳು. ಅಂದಿದ್ದೆ. ನೀನು ಸುಳ್ಳು ಹೇಳ್ದೆ. ಹೂಂ, ಸುಳ್ಳಾಯ್ತು. ಪಿಲಾರ್ ಮೆಟ್ಟಿಲ ಮೇಲೆ ಕೂತುಬಿಟ್ಟಳು, ಬೆನ್ನು ಅಮ್ಮನ ಕಡೆಗೆ, ಜನ ಅವಳನ್ನು ಬಳಸಿಕೊಂಡು ಒಳಗೆ ಹೋಗುತ್ತಿದ್ದರು. ಏಳು ಮಗಾ, ಆರಕ್ಕೆ ನಿಲ್ಲಿಸಬಾರದು, ಎಂದಳು ಅಮ್ಮ. ನಾನು ಬರಲ್ಲ ಲೋಲ, ಒಳಗೆ ಹೋದ್ರೆ ಮೂರೂ ಖರ್ಚಾಗುತ್ತೆ, ಇವತ್ತು ಕೇಳಿದ್ರೆ ಅಮ್ಮ ಹೋಗ್ಬಾರ್ದು ಅಂತ ಕೇಳ್ಬೇಕು, ಅವಳು ಹೋಗೇ ಹೋಗ್ತಾಳೆ, ಸುಮ್ನೆ ಹಾಳು, ಇದು ಹೀಗೇ ಇರ್ಲಿ, ಅವಳು ಬಂದ್ಮೇಲೆ ಇಬ್ರೂ ಒಟ್ಟಿಗೆ ಕಾಲಿಡ್ತೀವಿ, ಅವಳೂ ಇವತ್ತು ಒಳಗೆ ಹೋಗ್ಬಾರ್ದು.

ಅಮ್ಮನ ಜಪಸರದ ಮಣಿ ಬೆರಳಲ್ಲೇ ಉಳಿಯಿತು. ಥೇಟ್ ಅವಳ ಅಜ್ಜ, ಎಂದಳು ಆಮೇಲೆ, ಆ ಜೀಪ್‌ನಿಗೆ ಏನೂ ಆಗಿರ್ಲಿಲ್ಲ ಕಣೆ ದೊರಾಯ್, ಎಲ್ಲಿ ಕುದೀತು, ತಣ್ಣಗಿತ್ತು, ಒಂದು ಬಾಕಿ ಇಟ್ಕೊಂಡ್ರೆ ವಾಪಸ್ ಬರೋಕೊಂದು ನೆಪ ಇರುತ್ತೆ ಅಂದ, ಹೇಳ್ಬೇಡ ಅಂದ, ಹೇಳ್ಲಿಲ್ಲ. ತಣ್ಣಗಿತ್ತು — ಹೌದಲ್ಲ, ಒಂದು ಮೈಲಿ ಹೋಗಲಾರದ ಗಾಡಿ ಮುನ್ನೂರು ಕಿಲೋಮೀಟರ್ ಎಲ್ಲೂ ನಿಲ್ಲದೆ ಮನೆ ಸೇರಿತ್ತು, ಹೇಗೆಂದು ಇಷ್ಟು ವರ್ಷ ಹೊಳೆಯಲೇ ಇಲ್ಲ, ಮುಚ್ಚಳ ಎತ್ತಿ ಅಪ್ಪ ಅಷ್ಟು ಹೊತ್ತು ಏನು ನೋಡುತ್ತಿದ್ದ, ಹಬೆ ಎದ್ದಿತ್ತೇ, ಹಬೆಯ ನೆನಪೇ ಇಲ್ಲ, ಮುಚ್ಚಳದ ಹಿಂದೆ ಮುಖ ಮರೆಮಾಡಿ ನಿಂತ ಬೆನ್ನು ಮಾತ್ರ ನೆನಪಿದೆ, ಬಾಕಿ ಇಟ್ಟೂ ಅಪ್ಪನಿಗೆ ಇಲ್ಲಿಗೆ ಬರಲಾಗಲಿಲ್ಲ, ನಾನು ಬರುತ್ತೇನೆಯೇ, ಬರಬೇಕು, ಅಮ್ಮನೂ ಪಿದ್ಯೊನೂ ಒಳಗೆ ಹೋದರು, ಒಳಗಿನಿಂದ ಪ್ರಾರ್ಥನೆಯ ಗುಂಯ್‌ಗುಟ್ಟುವಿಕೆ, ದೊರಾಯ್ ಮೆಟ್ಟಿಲ ಬಳಿ ಬಂದು ಮಗಳ ಹಿಂದೆ ಕೂತಳು, ಬೆನ್ನು ತೊಯ್ದಿದೆ, ಚೀಲದಿಂದ ಒಣ ಬಟ್ಟೆ ತೆಗೆದಳು, ಹುಡುಗಿ ಬೇಡ ಅನ್ನಲಿಲ್ಲ, ತಿರುಗಿಯೂ ನೋಡಲಿಲ್ಲ, ಒದ್ದೆಯದನ್ನು ಎಳೆದು, ಒಣಗಿದ್ದನ್ನು ಹಾಸಿ, ತುದಿಯನ್ನು ಕತ್ತಿನ ಹತ್ತಿರ ಎಳೆದು ಸರಿಮಾಡಿದಳು, ಕೈ ತೆಗೆಯಬೇಕು, ತೆಗೆಯಲಾಗುತ್ತಿಲ್ಲ, ಕತ್ತಿನ ಹತ್ತಿರ, ಎರಡು ಬೆರಳಿನಷ್ಟು, ಬಿಳಿ ತುದಿ.