ಹಸಿ ಹುಲ್ಲಿನ ಮೇಲೆ ಹೊರಿಸಿದ ತಪ್ಪು

ನೆರೆಯ ರೈತ ಮೆನ್ನೊನ ಕೊಟ್ಟಿಗೆ ಸುಟ್ಟ ಹತ್ತನೆಯ ದಿನ ಅದನ್ನು ಮತ್ತೆ ಎಬ್ಬಿಸಲು ನಮ್ಮ ಕ್ರೈಸ್ತ ಸಭೆಯವರೆಲ್ಲ ಸೇರಿದೆವು. ಬೆಳಿಗ್ಗೆ ಆರಕ್ಕೇ ಗಂಡಸರು ತೊಲೆ ಹತ್ತಿದ್ದರು. ಕೆಳಗೆ ನಾವು ಹೆಂಗಸರು ನೂರೈವತ್ತು ಜನರ ಊಟಕ್ಕೆ ಆಲೂಗಡ್ಡೆ ಸುಲಿಯುತ್ತಿದ್ದೆವು.

ನನ್ನ ಪಕ್ಕದಲ್ಲಿ ಮೊಮ್ಮಗಳು ಸಲೋಮಾ ಕೂತಿದ್ದಳು. ಹದಿನಾರು ತುಂಬಿದ ಮಕ್ಕಳನ್ನು ನಾವು ಸ್ವಲ್ಪ ಸಡಿಲ ಬಿಡುತ್ತೇವೆ. ದೀಕ್ಷಾಸ್ನಾನ ಪಡೆದು ಸಭೆ ಸೇರುವುದು ಬೇಕೋ ಬೇಡವೋ ಅವರೇ ನೋಡಿ ತಿಳಿಯಲಿ ಎಂದು. ಇವಳಿಗೆ ಪೇಟೆ ಹುಡುಗರ ಕಾರು, ಕುಡಿತ ಅಂಟಿಕೊಂಡು, ಮನೆಯಲ್ಲಿ ಮಾತೇ ನಿಂತುಹೋಗಿತ್ತು. ಬಯ್ದು ಸೋತ ಅವಳಪ್ಪ, ನನ್ನ ಮಗ, ಅವಳನ್ನು ನನ್ನ ಬಳಿ ಬಿಟ್ಟಿದ್ದ.

ಹುಲ್ಲನ್ನು ಹಸಿಯಾಗಿಯೇ ಅಟ್ಟಕ್ಕೆ ತುಂಬಿದರೆ ಒಳಗೊಳಗೇ ಕಾದು ಹೊತ್ತಿಕೊಳ್ಳುತ್ತದೆ. "ನನ್ನದೇ ಅವಸರ" ಎಂದು ಮೆನ್ನೊ ಭಾನುವಾರ ಎಲ್ಲರೆದುರು ಒಪ್ಪಿಕೊಂಡಿದ್ದ. ಆದರೆ ಕೊಟ್ಟಿಗೆ ಎಬ್ಬಿಸುವ ಹಿಂದಿನ ದಿನ ಪಾತ್ರೆ ಒರೆಸುತ್ತ ಸಲೋಮಾ ನನಗೆ ಬೇರೆಯದೇ ಹೇಳಿದ್ದಳು. ಬೆಂಕಿ ಬಿದ್ದ ದಿನ ಮಧ್ಯಾಹ್ನ ಅವಳು ಆ ಅಟ್ಟದಲ್ಲಿ ಕದ್ದು ಸಿಗರೇಟು ಸೇದಿದ್ದಳು.

"ನೀನು ಹೇಳ್ಬಿಡ್ತೀಯಾ ಅಜ್ಜಿ?"

"ಇಲ್ಲ. ಅದು ನೀನು ಹೇಳ್ಬೇಕಾದ ಮಾತು."

"ನಾಳೆ ಸಂಜೆ ಕಾರ್ ಬರತ್ತೆ. ಹೋದ್ರೆ ವಾಪಸ್ ಬರಲ್ಲ."

ತಡೆದರೆ ಆಗಲೇ ಹೊರಟುಬಿಡುತ್ತಾಳೆ. "ನಾಳೆ ಮಧ್ಯಾಹ್ನ ಬಡಿಸೋಕೆ ಕೈ ಸಾಲದು, ನೀನೂ ಬಾ" ಎಂದಷ್ಟೇ ಅಂದೆ.

ಮರುದಿನ ಮಧ್ಯಾಹ್ನ ಉದ್ದನೆಯ ಮೇಜುಗಳಿಗೆ ಅವಳು ಗ್ರೇವಿ ಹೂಜಿ ಹಿಡಿದು ಹೊರಟಳು. ಬಡಗಿ ಲೀವೈಗೆ ಸುಮ್ಮನಿದ್ದು ಅಭ್ಯಾಸವಿಲ್ಲ.

"ಮೆನ್ನೊ, ಮುಂದಿನ್ ಸಲ ನನ್ ಹೆಂಡ್ತೀನ ಕರಿ. ಒಣಗಿದ ಬಟ್ಟೇನೂ ಮೂರ್ ಸಲ ಮುಟ್ಟಿ ನೋಡ್ತಾಳೆ."

"ನಲವತ್ತು ವರ್ಷದಿಂದ ಹುಲ್ಲು ಕೊಯ್ತಿದಾನೆ, ಪಾಪ, ಇನ್ನೂ ಕಲೀತಿದಾನೆ" ಎಂದ ಇನ್ನೊಬ್ಬ.

ಮೆನ್ನೊ ಕೂಡ ನಕ್ಕ, ಆದರೆ ಕಿವಿ ಕೆಂಪಾಗಿತ್ತು. ಸಲೋಮಾ ನಿಂತುಬಿಟ್ಟಳು.

"ಹುಲ್ಲಿಂದ ಅಲ್ಲ" ಎಂದಳು. "ನಾನು ಅಟ್ಟದಲ್ಲಿ ಸಿಗರೇಟ್ ಸೇದಿದ್ದೆ."

ಮೆನ್ನೊ ಬಾಯಲ್ಲಿದ್ದುದನ್ನು ನುಂಗಿ ಅವಳತ್ತ ತಿರುಗಿದ.

"ಹುಲ್ಲೂ ಹಸಿ ಇತ್ತು ಕಣಮ್ಮ" ಎಂದ. "ಯಾವುದರಿಂದ ಹತ್ತಿತೋ ಇನ್ನು ಯಾರಿಗೂ ಗೊತ್ತಾಗಲ್ಲ. ಬೆಳಿಗ್ಗೆ ಐದಕ್ಕೆ ಬಾ. ವೆರ್ನಾಗೆ ಮಣಿಕಟ್ಟು ನೋವು, ಹಾಲು ಕರೆಯೋಕೆ ಜನ ಬೇಕು."

"ಏಳೋದು ಕಷ್ಟ ಅಂದ್ರೆ ನಮ್ಮನೇಲೇ ಮಲಗ್ಲಿ" ಎಂದಳು ಅವನ ಹೆಂಡತಿ ವೆರ್ನಾ. "ಊಟ ತಣ್ಣಗಾಗ್ತಿದೆ, ತಿನ್ನಿ ಎಲ್ರೂ."

ಆಗ ನನ್ನ ಮಗ ಎದ್ದು ಬಂದ. ಸಲೋಮಾಳ ಕೈಯಿಂದ ಹೂಜಿ ತೆಗೆದುಕೊಂಡು ಉಳಿದವರಿಗೆ ತಾನೇ ಬಡಿಸಿದ. ಗಂಡಸರು ಬಡಿಸಿದ್ದನ್ನು ನಮ್ಮಲ್ಲಿ ನಾನು ಕಂಡದ್ದು ಅದೊಂದೇ ಸಲ. ಯಾರೂ ನಗಲಿಲ್ಲ.

ಸಂಜೆ ದಾರಿಯ ತುದಿಯಲ್ಲಿ ಕಾರು ನಿಂತಿತು. ಅವಳು ಹೋಗಿ ಮಾತಾಡಿದಳು. ನಾನು ಮೆಟ್ಟಿಲ ಮೇಲೆ ಕೂತು ಬಟಾಣಿ ಬಿಡಿಸುತ್ತಲೇ ಇದ್ದೆ. ಕಾರು ತಿರುಗಿ ಹೋಯಿತು, ಅವಳು ನಡೆದು ಬಂದಳು.

"ಅಜ್ಜಿ, ಐದಕ್ಕೆ ಅಲ್ಲಿರ್ಬೇಕು ಅಂದ್ರೆ ಎಷ್ಟಕ್ಕೆ ಏಳ್ಬೇಕು?"

ಆ ಚಳಿಗಾಲವೆಲ್ಲ ಅವಳು ವೆರ್ನಾಳ ಜೊತೆ ಹಾಲು ಕರೆದಳು. ಈಗಲೂ ಒಮ್ಮೊಮ್ಮೆ ಮಂಕಾಗುತ್ತಾಳೆ. ಅಂಥ ದಿನ ವೆರ್ನಾ ಅವಳನ್ನು ತಿಂಡಿಗೂ ಉಳಿಸಿಕೊಳ್ಳುತ್ತಾಳೆ, ಕಾರಣ ಕೇಳುವುದಿಲ್ಲ. ಪ್ರಾರ್ಥನೆಗೆ ಮಂಡಿಯೂರಿದಾಗ ಮೊದಲು ನನ್ನ ಬಾಯಿಗೆ ಬರುವುದು ಆ ಗಂಡ ಹೆಂಡತಿಯ ಹೆಸರೇ.