ರೇಟು ಇಳಿದ ಮೇಲಿನ ಉಡಿದಾರ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅಂತ ನನಗೆ ನಿಜಕ್ಕೂ ತಿಳಿಯುತ್ತಿಲ್ಲ. ಬೆಳ್ಳಿಯ ರೇಟಿನಿಂದ ಶುರು ಮಾಡೋಣ ಅಂದರೆ, ನಾನು ವಾಕ್ಯ ಮುಗಿಸುವಷ್ಟರಲ್ಲಿ ರೇಟು ಬದಲಾಗಿರುತ್ತದೆ. ಕೂಸಿನಿಂದ ಶುರು ಮಾಡೋಣ ಅಂದರೆ, ಓದುಗರಾದ ನೀವು ಮೊದಲ ಸಾಲಿಗೇ ಕರಗಿಬಿಡುತ್ತೀರಿ, ಆಮೇಲೆ ನಾನು ಏನು ಗೀಚಿದರೂ ನಡೆಯುತ್ತದೆ. ಅದು ಮೋಸ. ಈ ಕಥೆಯಲ್ಲಿ ಈಗಾಗಲೇ ಒಂದು ಮೋಸ ಇದೆ, ಇನ್ನೊಂದಕ್ಕೆ ಜಾಗ ಇಲ್ಲ.

ಮೊದಲ ಡ್ರಾಫ್ಟ್ ಹೀಗಿತ್ತು: "ಜನವರಿಯ ಒಂದು ಮುಂಜಾನೆ ಮದ್ದೂರಿನ ಮೇಲೆ ಬೆಳ್ಳಿಯಂಥ ಮಂಜು ಕವಿದಿತ್ತು." ಬೆಳ್ಳಿಯಂಥ ಮಂಜು! ನಾಚಿಕೆಯಾಗಿ ಹರಿದು ಹಾಕಿದೆ. (ಹರಿದು ಹಾಕಿದೆ ಅಂದರೆ ಡಿಲೀಟ್ ಒತ್ತಿದೆ. ಹರಿದು ಹಾಕುವುದರಲ್ಲಿ ಒಂದು ಗತ್ತು ಇದೆ, ಅದಕ್ಕೇ ಹಾಗೆ ಬರೆದುಕೊಂಡೆ.)

೨

ಮನುಷ್ಯನಿಂದಲೇ ಶುರು ಮಾಡುತ್ತೇನೆ. ಯತೀಶ್. ಬೆಸಗರಹಳ್ಳಿಯವನು. ಮದ್ದೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಕುಡಿಯುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ಇರುವುದು ಒಂದೇ ಚಟ: ತಿಂಗಳಿಗೊಂದು ಬೆಳ್ಳಿ ನಾಣ್ಯ. ಹತ್ತು ಗ್ರಾಮಿನದು, ಒಂದು ಕಡೆ ಲಕ್ಷ್ಮಿ. ಎಲ್ಲವನ್ನೂ ಹಳೇ ಹಾರ್ಲಿಕ್ಸ್ ಬಾಟಲಿಯೊಳಗೆ ಹಾಕಿ ಟ್ರಂಕಿನಲ್ಲಿಟ್ಟಿದ್ದ. ರೇಟು ಏರಿದ ದಿನ ಬಾಟಲಿ ತೆಗೆದು ಒಂದು ಸಲ ಅಲ್ಲಾಡಿಸುತ್ತಿದ್ದ.

ಹೋದ ವರ್ಷದ ಶುರುವಿನಲ್ಲಿ ಕೆಜಿಗೆ ಲಕ್ಷದ ಆಸುಪಾಸಿನಲ್ಲಿದ್ದ ಬೆಳ್ಳಿ ಆಮೇಲೆ ಹೇಗೆ ಹತ್ತಿತು ಅನ್ನುವುದು ನಿಮಗೂ ಗೊತ್ತು. ಯತೀಶನ ವಾಟ್ಸಾಪ್ ಗ್ರೂಪಿನಲ್ಲಿ ಜನ ಗುಡ್ ಮಾರ್ನಿಂಗ್ ಹೇಳುವುದನ್ನು ಬಿಟ್ಟು ರೇಟು ಹಾಕತೊಡಗಿದರು. ಹೀಗೆ ಏರುತ್ತಿರುವಾಗಲೇ, ಪೂರಿಗಾಲಿಗೆ ಕೊಟ್ಟಿದ್ದ ಅವನ ತಂಗಿ ದೀಪಿಕಳಿಗೆ ಗಂಡು ಕೂಸು ಹುಟ್ಟಿತು.

ನಮ್ಮ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರಮಾವ ಬೆಳ್ಳಿ ಉಡಿದಾರ ತರಬೇಕು. ಬೇರೆ ಯಾರು ಏನು ಕೊಟ್ಟರೂ ಬಂದ ಹೆಂಗಸರ ಕಣ್ಣು ಮೊದಲು ಹೋಗುವುದು ಕೂಸಿನ ಸೊಂಟಕ್ಕೇ. ಹಗುರವಾಗಿದ್ದರೆ ಆ ಮಾತು ಹೆಣ್ಣು ಬದುಕಿರುವ ತನಕ ಅತ್ತೆ ಮನೆಯಲ್ಲಿ ಇರುತ್ತದೆ.

೩

ಯತೀಶ ಮಂಡ್ಯಕ್ಕೆ ಹೋದ. ಗುರುತಿನವರು ಇಲ್ಲದ ಅಂಗಡಿ ಹುಡುಕಿದ. ಬೆಳ್ಳಿ ನೀರು ಹಾಕಿದ ಒಂದು ಉಡಿದಾರ ಆರಿಸಿದ. ನೋಡಿದರೆ ಅಸಲಿಗಿಂತ ಹೆಚ್ಚು ಹೊಳೆಯುತ್ತಿತ್ತು.

"ಏನ್ಗೆ ಸಾರ್, ಸ್ಕೂಲ್ ಡೇ ಡ್ಯಾನ್ಸ್‌ಗಾ?" ಅಂದ ಅಂಗಡಿಯವನು.

"ಊ," ಅಂದ ಯತೀಶ.

(ಇಲ್ಲಿ ಯತೀಶ ನನ್ನ ಕೈ ಹಿಡಿದ.)

"ಸಾರ್, ಇಷ್ಟೊಂದು ಬುಡ್ಸಿ ಬರೀಬ್ಯಾಡಿ. ನನ್ ತಾವ ಬೆಳ್ಳಿ ಇರ್ನಿಲ್ಲ ಅಂತ ಬರೀರಿ. ಬಡವ ಅಂತ ಬರೀರಿ. ಜನ ಅಯ್ಯೋ ಅಂತಾರೆ."

"ಬಾಟಲಿಯಲ್ಲಿ ನಾಲ್ಕೈದು ಉಡಿದಾರಕ್ಕಾಗುವಷ್ಟು ಇತ್ತಲ್ಲ ಯತೀಶ."

"ಅದು ಲಕ್ಸ್ಮಿ ಇರೋ ನಾಣ್ಯ ಸಾರ್. ಲಕ್ಸ್ಮೀನ ಕರುಗ್ಸಕ್ಕಾಯ್ತದಾ?"

"ಹೊಸದಾಗಿ ಕೊಳ್ಳಬಹುದಿತ್ತು."

"ಆ ರೇಟ್ಗಾ?" ಅಂದ. ಆಮೇಲೆ ತಾನೇ ತಲೆ ತಗ್ಗಿಸಿದ. "ವರ್ಸ ತುಂಬೋ ಒತ್ಗೆ ಕೂಸ್ಗೆ ಉಡ್ದಾರ ಸಣ್ಣದಾಯ್ತದೆ ಸಾರ್. ಎಂಗೂ ದೊಡ್ಡದು ಮಾಡುಸ್ಬೇಕು. ಅಷ್ಟೊತ್ಗೆ ರೇಟು ಇಳ್ದಿರ್ತದೆ. ಆಗ ಇದ ತಗ್ದು ಅದ ಹಾಕ್ಬುಟ್ರೆ ಯಾರ್ಗೂ ಗೊತ್ತಾಗಾಕಿಲ್ಲ. ಕೊಡಲ್ಲ ಅಂದ್ನಾ ನಾನು? ರೇಟು ಇಳೀಲಿ ಅಂದೆ, ಅಷ್ಟೇಯ."

ನನಗೆ ಅವನನ್ನು ಗದರಬೇಕು ಅನ್ನಿಸಿತು. ಗದರುವ ಮುಂಚೆ ಫೋನು ತೆಗೆದು ಇವತ್ತಿನ ರೇಟು ನೋಡಿಕೊಂಡೆ. ನನ್ನ ಹತ್ತಿರವೂ ಒಂದಿಷ್ಟು ನಾಣ್ಯ ಇವೆ. ಹಾಗಾಗಿ ಗದರಲಿಲ್ಲ.

೩ (ಮತ್ತೆ. ಮೇಲಿನದರಲ್ಲಿ ಕೂಸೇ ಬರಲಿಲ್ಲ.)

ತೊಟ್ಟಿಲ ದಿನ ಪೂರಿಗಾಲಿಯ ಮನೆ ತುಂಬ ಜನ. ದೀಪಿಕಳ ಅತ್ತೆ ಸಣ್ಣತಾಯಮ್ಮ ಆ ಉಡಿದಾರವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು.

"ನೋಡ್ರವ್ವ, ಈ ಪಾಟಿ ರೇಟ್ ಇರುವಾಗ್ಲೂ ನಮ್ ಬೀಗ್ರು ಕೈ ಬಿಗಿ ಮಾಡ್ನಿಲ್ಲ. ಎಂಥಾ ಅಣ್ಣ ಸಿಕ್ಕವ್ನೆ ನಮ್ ಉಡ್ಗೀಗೆ!"

ಯತೀಶನ ತಾಯಿ ಅಂಕಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ಅವರಿಗೆ ಏನೂ ಗೊತ್ತಿಲ್ಲ, ದಯವಿಟ್ಟು ಅವರ ಮೇಲೆ ಅನುಮಾನ ಪಡಬೇಡಿ. ದೀಪಿಕ ಉಡಿದಾರವನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ ತೂಗಿದಳು. ಆಮೇಲೆ ಅಣ್ಣನ ಕಡೆ ಒಂದು ಸಲ ನೋಡಿದಳು. ಅವನು ಎಲೆ ಹಾಕುವ ನೆಪದಲ್ಲಿ ಊಟದ ಪಂಕ್ತಿಯ ಕಡೆ ಹೋಗಿಬಿಟ್ಟ. ಅವಳು ಕೂಸಿನ ಸೊಂಟಕ್ಕೆ ಕಟ್ಟಿದಳು.

೪

ಈ ವರ್ಷದ ಜನವರಿಯಲ್ಲಿ ರೇಟು ನಾಲ್ಕು ಲಕ್ಷದ ಹತ್ತಿರ ಹೋಯಿತು. ಮಳವಳ್ಳಿಯ ಅಂಗಡಿಗಳಲ್ಲಿ ಮಾರುವವರಿಗಿಂತ ಸುಮ್ಮನೆ ತೂಕ ಹಾಕಿಸಲು ಬಂದವರೇ ಜಾಸ್ತಿ. ಮೂಲೆಯಲ್ಲಿದ್ದ ಕುಂಕುಮದ ಭರಣಿ, ಮುರಿದ ಕಾಲುಚೈನು ಎಲ್ಲಕ್ಕೂ ಒಂದು ಗೌರವ ಬಂದಿತ್ತು. ಸಣ್ಣತಾಯಮ್ಮನೂ ಒಂದು ಹಳೇ ಲೋಟ ಹಿಡಿದುಕೊಂಡು, ಸೊಸೆ, ಮೊಮ್ಮಗನನ್ನು ಕರೆದುಕೊಂಡು ಹೋದರು. ಲೋಟದ ತೂಕ ಆದ ಮೇಲೆ ಅವರಿಗೆ ಇನ್ನೊಂದು ಆಸೆ ಹುಟ್ಟಿತು.

"ಕೂಸಿಂದೂ ಒಸಿ ನೋಡಪ್ಪ. ಮಾರಕ್ಕಲ್ಲ ಕಣಪ್ಪ, ನಮ್ ಬೀಗ್ರು ಎಷ್ಟ್ ಹಾಕವ್ರೆ ಅಂತ ತಿಳ್ಕಳಾಣ ಅಂತ."

ಊರಿಗೆ ಹೋಗಿ ನಾಲ್ಕು ಜನಕ್ಕೆ ಹೇಳಿ ಬೀಗರನ್ನು ಹೊಗಳುವುದಕ್ಕೆ ಅವರಿಗೊಂದು ಲೆಕ್ಕ ಬೇಕಿತ್ತು, ಅಷ್ಟೇ. ಅಂಗಡಿಯವನು ಒರೆಗಲ್ಲಿಗೆ ಉಜ್ಜಿದ. ಏನೋ ಹನಿ ಬಿಟ್ಟ. ಮತ್ತೆ ಉಜ್ಜಿದ.

"ಇದು ಬೆಳ್ಳಿ ಅಲ್ಲ ಕಣವ್ವ. ಮ್ಯಾಲೆ ಬರೀ ನೀರು ಹಾಕಿರದು."

ಅಂಗಡಿ ತುಂಬ ಜನ. ಎಲ್ಲರೂ ತೂಕ ಬಿಟ್ಟು ಇತ್ತ ತಿರುಗಿದರು. (ನಾನೂ ಟೈಪ್ ಮಾಡುವುದನ್ನು ನಿಲ್ಲಿಸಿದೆ. ನನ್ನ ಪ್ಲಾನಿನಲ್ಲಿ ಇಲ್ಲಿ ದೀಪಿಕ ಅಳಬೇಕಿತ್ತು. ಅಳು ಬಂದರೆ ಒಂದು ಪ್ಯಾರಾ ಸಲೀಸಾಗಿ ಮುಗಿಯುತ್ತದೆ.) ಅವಳು ಅಳಲಿಲ್ಲ.

"ನಾನೇ ಮಾರ್ಬುಟ್ಟೆ ಅತ್ತೆ," ಅಂದಳು. "ಚೀಟಿ ದುಡ್ಡು ಕಟ್ಟಕ್ಕೆ ಇರ್ನಿಲ್ಲ. ಅಣ್ಣಯ್ಯ ಹಾಕಿದ್ದ ಮಾರಿ ಇದ ತಂದು ಹಾಕ್ದೆ."

ಸಣ್ಣತಾಯಮ್ಮ ಬೈಯಲಿಲ್ಲ. ಲೋಟ ಸೆರಗಿಗೆ ಸುತ್ತಿಕೊಂಡು ಬಸ್ ಹತ್ತಿದರು. ಮನೆಗೆ ಬಂದು ಕೂಸಿನ ಸೊಂಟಕ್ಕೆ ಕರಿದಾರ ಕಟ್ಟಿದರು. ಮಗ ಸ್ವಾಮಿಗೂ ಹೇಳಲಿಲ್ಲ. ಆದರೆ ಬಾಗಿಲ ಪಕ್ಕದ ಮೊಳೆಯಲ್ಲಿರುತ್ತಿದ್ದ ಬೀರುವಿನ ಬೀಗದಕೈ ಮಾರನೇ ದಿನದಿಂದ ಅವರ ಸೊಂಟಕ್ಕೆ ಹೋಯಿತು. ಈಗ ದೀಪಿಕ ತನ್ನ ಸೀರೆ ತೆಗೆಯಬೇಕಾದರೂ ಅತ್ತೆಯನ್ನು ಕೇಳಬೇಕು. ಕೇಳಿದರೆ ಅವರು ಜೊತೆಗೆ ಬಂದು ನಿಲ್ಲುತ್ತಾರೆ.

ನಾನು ಕೇಳಿದೆ: "ಯಾಕಮ್ಮ ಹಾಗೆ ಹೇಳಿದೆ?"

"ಇನ್ನೇನ್ ಯೋಳ್ಬೇಕಿತ್ತು ಸಾರ್? ಅಣ್ಣಯ್ಯ ಮೋಸ ಮಾಡ್ದ ಅಂತ್ಲಾ? ಅಂಗಂದಿದ್ರೆ ನಮ್ಮವ್ವ ಇನ್ನು ಈ ಊರ್ಗೆ ಕಾಲಿಡಂಗಿರ್ನಿಲ್ಲ."

"ನಿನಗೆ ಮೊದಲೇ ಗೊತ್ತಿತ್ತಾ?"

"ಕೈಲಿ ಇಡ್ದಾಗ್ಲೇ ಗೊತ್ತಾಯ್ತು. ಒಂದ್ ಕಡೆ ನಾಚ್ಕೆ, ಒಂದ್ ಕಡೆ ಅವ್ನ ಕಂಡ್ರೆ ಅಯ್ಯೋ ಅನ್ನುಸ್ತು." ಮತ್ತೆ ಅಂದಳು: "ಅವ್ನ್ ತಾವ ನಾಣ್ಯ ಇರದೂ ಗೊತ್ತಿತ್ತು ಸಾರ್. ಅದ್ನ ಬರೀಬ್ಯಾಡಿ."

ಬರೆದುಬಿಟ್ಟೆ. ಇಂಥ ಕಥೆಗಾರನಿಗೆ ಏನು ಹೇಳೋಣ.

೫

ತಿಂಗಳ ಕೊನೆಗೆ ರೇಟು ಧಡಾರನೆ ಬಿತ್ತು. ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಕೈಮುಗಿಯುವ ಎಮೋಜಿ ಹಾಕಿ ಹೊರಟುಹೋದರು. ಯತೀಶನಿಗೆ ಹೊಟ್ಟೆ ಉರಿಯಿತು, ನಿಜ. ಆದರೆ ಅವನ ಪರವಾಗಿ ಒಂದು ಮಾತು ಬರೆಯಲೇಬೇಕು: ಅವನಿಗೆ ಒಳಗೊಳಗೇ ಹಗುರವಾಯಿತು. ಮಳವಳ್ಳಿಯಲ್ಲಿ ನಡೆದದ್ದು ಅವನಿಗೆ ಗೊತ್ತಿರಲಿಲ್ಲ. ಬಾಟಲಿಯಿಂದ ಐದು ನಾಣ್ಯ ತೆಗೆದು, ಕರಗಿಸಿ, ಒಳ್ಳೆ ಉಡಿದಾರ ಮಾಡಿಸಿದ. ಕರಗಿಸುವಾಗ ಲಕ್ಷ್ಮಿಯ ಮಾತು ಅವನೂ ಎತ್ತಲಿಲ್ಲ, ಅಂಗಡಿಯವನೂ ಎತ್ತಲಿಲ್ಲ. ಗುಲಾಬಿ ಕಾಗದದಲ್ಲಿ ಸುತ್ತಿದ್ದನ್ನು ಅಂಗಿಯ ಜೇಬಿಗಿಟ್ಟು ಮಳವಳ್ಳಿ ಬಸ್ ಹತ್ತಿದ. ಕೂಸನ್ನು ಆಡಿಸುವ ನೆಪದಲ್ಲಿ ಅದನ್ನು ಬಿಚ್ಚಿ ಇದನ್ನು ಕಟ್ಟುವುದು, ಇಷ್ಟೇ ಅವನ ಯೋಚನೆ.

ಪೂರಿಗಾಲಿಗೆ ಹೋದಾಗ ದೀಪಿಕ ಡೈರಿಗೆ ಹಾಲು ಹಾಕಲು ಹೋಗಿದ್ದಳು. ತೊಟ್ಟಿಲಲ್ಲಿ ಕೂಸು ಮಲಗಿತ್ತು. ಯತೀಶ ಬಗ್ಗಿ ಬಟ್ಟೆ ಸರಿಸಿ ನೋಡಿದ. ಕರಿದಾರ.

"ಯತೀಸಪ್ಪ, ಬಾ, ಕೂತ್ಕೊ," ಅಂದರು ಸಣ್ಣತಾಯಮ್ಮ. ತಾವೂ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತು ಸೆರಗಿನ ತುದಿ ಹಿಂಡಿಕೊಂಡರು. ಆಮೇಲೆ ಎಲ್ಲ ಹೇಳಿದರು.

"ನಿಮ್ಗೆ ಮೊಕ ತೋರ್ಸಕ್ಕೇ ನಾಚ್ಕೆ ಆಯ್ತದೆ ಕಣಪ್ಪ. ಅಂಥಾ ರೇಟಲ್ಲಿ ನೀವು ತಂದು ಹಾಕಿದ್ರಿ. ನಮ್ಮನೆಗೆ ಬಂದು ಅದು ಓಯ್ತು. ಸೊಸೆ ಮಾಡಿದ್ರೂ ನಮ್ಮನೆ ತಪ್ಪೇಯ. ನಾನು ಯಾರ್ಗೂ ಯೋಳಿಲ್ಲ. ಬೀಗ್ತಿಗೆ ಯೋಳ್ಬ್ಯಾಡಿ, ನೊಂದ್ಕತ್ತರೆ. ಅವಳ್ನೂ ಬಯ್ಬ್ಯಾಡಿ, ಇನ್ನೂ ಕೂಸಿಗೆ ಹಾಲು ಕುಡುಸ್ತಾ ಅವ್ಳೆ."

ಕೈ ಮುಗಿದರು. ಆ ವಯಸ್ಸಿನವರು, ಅವನಿಗೆ.

೬ (ಕೊನೆ: ಯತೀಶ ಹೇಳಿಕೊಟ್ಟದ್ದು)

ಯತೀಶ ಜೇಬಿನಿಂದ ಗುಲಾಬಿ ಕಾಗದ ತೆಗೆಯುತ್ತಾನೆ. "ಓದ್ರೆ ಓಯ್ತು ಬುಡಿ ಅತ್ತೆ, ಇನ್ನೊಂದು ತಂದಿವ್ನಿ" ಅನ್ನುತ್ತಾನೆ. ಸಣ್ಣತಾಯಮ್ಮ ಕಣ್ಣೀರು ಹಾಕುತ್ತಾರೆ. ಊರಲ್ಲೆಲ್ಲ ಯತೀಶನ ಮಾತೇ ಮಾತು.

"ಇದ್ರಲ್ಲಿ ಸುಳ್ಳೇ ಇಲ್ವಲ್ಲ ಸಾರ್?" ಅಂದ ಯತೀಶ. ನಿಜ, ಒಂದು ಸುಳ್ಳು ವಾಕ್ಯವೂ ಇಲ್ಲ. ಓದಿ ನೋಡಿದೆ, ಚೆನ್ನಾಗಿಯೇ ಇತ್ತು. ಬೀಗದಕೈ ಮಾತ್ರ ಅತ್ತೆಯ ಸೊಂಟದಲ್ಲೇ ಇತ್ತು. ಅಂಥ ಅಣ್ಣನಿಗೆ ಇಂಥ ತಂಗಿ ಅನ್ನುವ ಮಾತು ಹೊಸದಾಗಿ ಸೇರಿಕೊಂಡಿತ್ತು. ಡಿಲೀಟ್.

೬ (ಕೊನೆ: ನನ್ನದು)

ಯತೀಶ ಎದ್ದು ನಿಂತು, "ಅವ್ಳು ಮಾರಿಲ್ಲ ಅತ್ತೆ. ನಾನು ತಂದಿದ್ದೇ ಅದು" ಅನ್ನುತ್ತಾನೆ.

ಇಷ್ಟು ಬರೆಯುವಷ್ಟರಲ್ಲಿ ದೀಪಿಕ ಖಾಲಿ ಹಾಲಿನ ಕ್ಯಾನು ಹಿಡಿದು ಬಾಗಿಲಿಗೆ ಬಂದಳು. ಅಣ್ಣನ ಕಡೆ ನೋಡಲಿಲ್ಲ. ನನ್ನ ಕಡೆಗೇ ಬಂದಳು.

"ಬರೀಬ್ಯಾಡಿ ಸಾರ್."

"ಬೀಗದಕೈ ಮತ್ತೆ ಮೊಳೆಗೆ ಬರುತ್ತದೆ ಕಣಮ್ಮ."

"ಬಂದು? ನಿಮ್ಗೇನು, ಕತೆ ಮುಗುದ್ರಾಯ್ತು. ನಾಕ್ ಜನ ಚೆನ್ನಾಗದೆ ಅಂತಾರೆ. ತವರಿನ ದಾರಿ ಮುಚ್ಚೋದ್ರೆ ನಾನು ಹಬ್ಬುಕ್ಕೆ ಎಲ್ಗೋಗ್ಲಿ?"

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಈ ಕೊನೆ ನನಗೆ ಬೇಕಾಗಿದ್ದದ್ದು ಅವಳಿಗಾಗಿ ಅಲ್ಲ. ತಪ್ಪೊಪ್ಪಿಗೆ ಇದ್ದರೆ ಕಥೆಗೆ ತೂಕ ಬರುತ್ತದೆ ಅಂತ. ತೂಕ! ಈ ಪದ ಬರೆದು ನನಗೇ ಮೈಮೇಲೆ ನೀರು ಸುರಿದಂತಾಯಿತು. ಅಣ್ಣ ಅವಳ ಮರ್ಯಾದೆಯನ್ನು ರೇಟಿಗೆ ಕಾಯಿಸಿದ. ನಾನು ಒಂದು ಕ್ಲೈಮ್ಯಾಕ್ಸಿಗೆ ಕಾಯಿಸುತ್ತಿದ್ದೇನೆ. ನಿಜ ಹೇಳದೆ ಇದ್ದರೂ ಅವಳಿಗೆ ಅನ್ಯಾಯ, ಹೇಳಿದರೂ ಅನ್ಯಾಯ. ಮಧ್ಯದಲ್ಲಿ ನಾನು ಪುಟ ತುಂಬಿಸಿಕೊಳ್ಳುತ್ತಿದ್ದೇನೆ.

"ಅಂಗಾದ್ರೆ ನಾನೇನ್ ಮಾಡ್ಲಿ?" ಅಂದ ಯತೀಶ. ನನ್ನನ್ನು ಕೇಳಿದನೋ ತಂಗಿಯನ್ನೋ.

"ಅದ್ನೂ ನಾನೇ ಯೋಳ್ಬೇಕಾ ಅಣ್ಣಯ್ಯ?" ಅಂದಳು ದೀಪಿಕ.

೭

ಹೀಗಾಗಿ ನಾನು ಈ ಕಥೆಗೆ ಕೊನೆ ಬರೆಯುವುದಿಲ್ಲ. ಯತೀಶನ ಬಾಯಲ್ಲಿ ಏನಾದರೂ ಹಾಕುವ ಹಕ್ಕು ನನಗಿಲ್ಲ. ಅವನೇ ಹೇಳಬೇಕು, ಇಲ್ಲ ನುಂಗಬೇಕು. ನಿಮಗೆ ತೋಚಿದರೆ ನೀವು ಹೇಳಿಕೊಡಿ. ಆದರೆ ಹೇಳಿಕೊಡುವ ಮುಂಚೆ ದೀಪಿಕಳ ಮುಖ ಒಂದು ಸಲ ನೋಡಿ. ಬಾಗಿಲಲ್ಲೇ ಇದ್ದಾಳೆ, ತಲೆ ಅಲ್ಲಾಡಿಸುತ್ತಿದ್ದಾಳೆ. ಬೇಡ ಅಂತಲೋ, ಹೇಳು ಅಂತಲೋ ನನಗೆ ಇಲ್ಲಿಂದ ಸರಿಯಾಗಿ ಕಾಣುತ್ತಿಲ್ಲ.

"ಅತ್ತೆ..." ಅಂದಿದ್ದಾನೆ ಯತೀಶ. ಕೈ ಜೇಬಿನ ಮೇಲಿದೆ.

ಸಣ್ಣತಾಯಮ್ಮನಿಗೆ ತಾವು ಕಥೆಯಲ್ಲಿರುವುದು ಗೊತ್ತಿಲ್ಲ. ಅವರು ಎದ್ದು ಬೀರು ತೆಗೆದು, ತಮ್ಮ ಮದುವೆಯ ಕಾಲುಕಡಗ ಎರಡನ್ನೂ ತಂದು ಅವನ ಮಡಿಲಿಗೆ ಹಾಕಿದ್ದಾರೆ. ಅಪ್ಪಟ ಬೆಳ್ಳಿ, ಒಳ್ಳೆ ಭಾರ.

"ಏನೂ ಅನ್ಬ್ಯಾಡ ಕಣಪ್ಪ. ಇದ ಕರುಗ್ಸಿ ಕೂಸ್ಗೆ ಒಂದ್ ಉಡ್ದಾರ ಮಾಡ್ಸು. ನೀನು ಹಾಕಿದ್ದೇ ಇದು ಅಂತ ಎಲ್ಲಾರ್ಗೂ ಯೋಳ್ತೀನಿ. ಮದ್ದೂರಲ್ಲೇ ಮಾಡ್ಸು, ನೀನೇ ಪಕ್ಕದಲ್ಲಿ ನಿಂತ್ಕೊ. ಈಗಿನ್ ಕಾಲ್ದಲ್ಲಿ ಯಾರ್ನೂ ನಂಬಂಗಿಲ್ಲ."